ಹುಬ್ಬಳ್ಳಿಯಲ್ಲಿ 250 ಜನರ ಒಂದು ದಿನದ ಸಮ್ಮೇಳನ: ಮೊದಲು ಯಾವುದಕ್ಕೆ ಕೈ ಹಾಕಲಿ?

ತಾರಿಹಾಳ ಲೇತ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಕಡೆಯ ಸಣ್ಣ ಕೈಗಾರಿಕೆಯವರ ಒಂದು ಸಂಘ ನಮ್ಮದು. ಲೇತ್, ಫೌಂಡ್ರಿ, ರಟ್ಟಿನ ಡಬ್ಬ, ಮಸಾಲೆ ಪುಡಿ, ಎಲ್ಲ ತರದವರೂ ಇದ್ದೀವಿ. ಹೋದ ತಿಂಗಳ ಮೀಟಿಂಗ್‌ನಲ್ಲಿ ಫೋನ್ ಬಂತೆಂದು ನಾನು ಎದ್ದು ಹೊರಗೆ ಹೋಗಿದ್ದೆ, ವಾಪಸ್ ಬಂದು ಕೂರುವಷ್ಟರಲ್ಲಿ ವಾರ್ಷಿಕ ಸಮ್ಮೇಳನದ ಸಂಚಾಲಕ ನಾನೇ ಆಗಿಬಿಟ್ಟಿದ್ದೆ. 250 ಜನ, ಒಂದು ದಿನ, ಕೈಯಲ್ಲಿರೋದು 4 ಲಕ್ಷ. ಮಗಳ ನಾಮಕರಣ ಬಿಟ್ಟರೆ ನಾನು ಜನ ಸೇರಿಸಿ ಮಾಡಿದ ಕಾರ್ಯಕ್ರಮ ಇನ್ನೊಂದಿಲ್ಲ.

ಸದ್ಯ ಆಗಿರೋದು ಇಷ್ಟು. ತಾರೀಕು ಡಿಸೆಂಬರ್ ಮೊದಲ ವಾರ ಅಂದುಕೊಂಡಿದ್ದೀವಿ. ವಿಷಯ "ಸಣ್ಣ ಕೈಗಾರಿಕೆ: ಅವಕಾಶಗಳು ಮತ್ತು ಸವಾಲುಗಳು". ಸಚಿವರೊಬ್ಬರನ್ನು ಕರೆಸಲೇಬೇಕು ಅನ್ನೋದು ಅಧ್ಯಕ್ಷರ ಹಠ. ಹಾಲ್ ನೋಡಿಲ್ಲ, ಊಟ ಯಾರಿಗೆ ಹೇಳೋದು ಗೊತ್ತಿಲ್ಲ. ಅನುಭವ ಇದ್ದವರು ಸ್ವಲ್ಪ ದಾರಿ ತೋರಿಸಿ.

ಪೆಂಡಾಲ್ ಮಾಮ

ಮೈಸೂರಲ್ಲಿ 18 ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ತಾರೀಕು. ಡಿಸೆಂಬರ್ ಮೊದಲ ವಾರ ಮದುವೆಗಳ ಕಾಲ. ಒಳ್ಳೆ ಹಾಲ್ ಸಿಗಲ್ಲ, ಸಿಕ್ಕರೂ ಮದುವೆ ರೇಟೇ ಹೇಳ್ತಾರೆ. ಎರಡು ವಾರ ಮುಂದಕ್ಕೆ ಹೋಗಿ. ಡಿಸೆಂಬರ್ 16ರ ಹೊತ್ತಿಗೆ ಧನುರ್ಮಾಸ ಶುರುವಾದರೆ ಸಂಕ್ರಾಂತಿ ತನಕ ಮದುವೆ ಇಲ್ಲ, ಕಲ್ಯಾಣ ಮಂಟಪದವರು ನೊಣ ಹೊಡೀತಾ ಕೂತಿರ್ತಾರೆ. ಆಷಾಢವೂ ಹಾಗೇ, ಆದರೆ ಅದು ಮಳೆ ಹೊತ್ತು. ಧನುರ್ಮಾಸದಲ್ಲಿ ಕೇಳಿದರೆ ಬಾಡಿಗೆ ಇಳಿಸ್ತಾರೆ. ಇಳಿಸಲ್ಲ ಅಂದರೆ ಹೋಗಲಿ ಬಿಡಿ, "ಹಿಂದಿನ ದಿನ ಮಧ್ಯಾಹ್ನ 3ಕ್ಕೇ ಹಾಲ್ ಕೀ ಕೊಡಿ" ಅಂತ ಕೇಳಿ. ನನ್ನ ಲೆಕ್ಕದಲ್ಲಿ ಇದು 20 ಸಾವಿರ ಡಿಸ್ಕೌಂಟಿಗಿಂತ ದೊಡ್ಡದು. ಹಿಂದಿನ ರಾತ್ರಿ ಅದೇ ಹಾಲಲ್ಲಿ ರಿಸೆಪ್ಷನ್ ಇದ್ದರೆ ಅವರು ಖಾಲಿ ಮಾಡೋದು 12 ಗಂಟೆಗೆ, ನೀವು ಸ್ಟೇಜ್ ಕಟ್ಟೋದು ಬೆಳಗಿನ ಜಾವ, ಮೈಕ್ ಟೆಸ್ಟ್ ಆಗೋದು ಅತಿಥಿ ಬಂದು ಕೂತ ಮೇಲೆ!

ಹಾಲ್ ನೋಡೋಕೆ ಸಂಜೆ ಹೋಗಬೇಡಿ. ನಿಮ್ಮ ಕಾರ್ಯಕ್ರಮ ನಡೆಯುವ ಹೊತ್ತಿಗೇ ಹೋಗಿ. ಒಂದು ಸಲ ನಾನು ರಾತ್ರಿ ನೋಡಿ ಒಪ್ಪಿಕೊಂಡು ಬಂದೆ, ಲೈಟೆಲ್ಲ ಜಗಮಗ ಅಂತಿತ್ತು. ಕಾರ್ಯಕ್ರಮದ ದಿನ ಮಧ್ಯಾಹ್ನ 3 ಗಂಟೆಗೆ ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಪರದೆ ಮೇಲೆ. ಮಂಟಪದ ಹಾಸಿಗೆ ಮೇಲಿನ ಬೆಡ್‌ಶೀಟ್ ಕಟ್ಟಿ ಮುಚ್ಚಿದೆವು. ಕೊನೆ ಸಾಲಲ್ಲಿ ಕೂತು ನೋಡಿ. ಕಕ್ಕಸಿಗೆ ಹೋಗಿ ನಲ್ಲಿ ತಿರುಗಿಸಿ. "ಜನರೇಟರ್ ಇದೆ" ಅಂದರೆ ತಲೆ ಆಡಿಸಬೇಡಿ, ಆನ್ ಮಾಡಿಸಿ, ಅದರ ಮೇಲೆ ಎಸಿ ನಡೆಯುತ್ತಾ ಬರೀ ಫ್ಯಾನ್ ಲೈಟಾ ಅಂತ ನೋಡಿ. "500 ಜನ ಹಿಡಿಯುತ್ತೆ" ಅನ್ನೋದು ಕುರ್ಚಿಗೆ ಕುರ್ಚಿ ಅಂಟಿಸಿದ ಲೆಕ್ಕ. ರೌಂಡ್ ಟೇಬಲ್ ಹಾಕಿದರೆ ಅರ್ಧ ಅಂದುಕೊಳ್ಳಿ.

ಆಮೇಲೆ ಆ ವಿಷಯ. ಅವಕಾಶಗಳು ಮತ್ತು ಸವಾಲುಗಳು! ಈ ಹೆಸರಿನ ಕಾರ್ಯಕ್ರಮಕ್ಕೆ ನೀವಾದರೂ ಶೆಡ್ ಬಾಗಿಲು ಹಾಕಿಕೊಂಡು ಹೋಗ್ತೀರಾ ಅಂತ ಒಂದ್ಸಲ ಕೇಳಿಕೊಳ್ಳಿ.

ತಾರಿಹಾಳ ಲೇತ್

ಹ್ಹ ಹ್ಹ. ನಿಜ ಹೇಳಬೇಕಂದ್ರೆ ಹೋಗಲ್ಲ ಮಾಮ.

ಲೆಕ್ಕದ ಮೇಷ್ಟ್ರು

ತಾರೀಕಿನ ಬಗ್ಗೆ ಮಾಮ ಹೇಳಿದ್ದಕ್ಕೆ ನನ್ನದೂ ಎರಡು ಮಾತು. ನಿಮ್ಮ ಸದಸ್ಯರೆಲ್ಲ ಜಿಎಸ್‌ಟಿ ಕಟ್ಟೋರು. ತಿಂಗಳ 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು. ಆ ಎರಡು ತಾರೀಕಿನ ಹಿಂದಿನ ದಿನಗಳಲ್ಲಿ ಮಾಲೀಕರು ಅಕೌಂಟೆಂಟ್ ಪಕ್ಕದಲ್ಲಿ ಕೂತಿರ್ತಾರೆ, ನಿಮ್ಮ ಹಾಲಲ್ಲಿ ಅಲ್ಲ. ಡಿಸೆಂಬರ್ ಕೊನೆ ವಾರ ಮಕ್ಕಳಿಗೆ ರಜೆ ಅಂತ ಜನ ಊರಲ್ಲಿರಲ್ಲ. ಜನವರಿ ದ್ವಿತೀಯಾರ್ಧದಲ್ಲಿ ಬೆಂಗಳೂರಲ್ಲಿ ಇಮ್‌ಟೆಕ್ಸ್ ಮಷೀನ್ ಟೂಲ್ ಪ್ರದರ್ಶನ, ಲೇತ್‌ನವರು ಅರ್ಧಕ್ಕರ್ಧ ಅದು ನಡೆಯೋ ತುಮಕೂರು ರಸ್ತೆಯಲ್ಲಿರ್ತಾರೆ. ಅಳೆದು ಸುರಿದು ನೋಡಿದರೆ ಜನವರಿ 5ರಿಂದ 9ರ ಒಳಗೆ ಒಂದು ದಿನ ನಿಮಗೆ ಸರಿ.

ದುಡ್ಡಿನ ವಿಷಯ. 4 ಲಕ್ಷ ಭಾಗ 250, ತಲೆಗೆ 1,600. ಜಾಸ್ತಿ ಅನ್ನಿಸುತ್ತೆ, ಆದರೆ ಎಲ್ಲರೂ ಹೇಳೋ ರೇಟು "ಪ್ಲಸ್ ಜಿಎಸ್‌ಟಿ". ಹಾಲ್ ಬಾಡಿಗೆ ಮೇಲೆ 18%. ಊಟದ ಬಿಲ್ಲಿನ ತೆರಿಗೆಗೆ ನಿಮಗೆ ಕ್ರೆಡಿಟ್ಟೂ ಸಿಗಲ್ಲ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳೋಕೆ ಬರಲ್ಲ. ಅದಕ್ಕೇ ಕೊಟೇಶನ್ ಕೇಳುವಾಗಲೇ "ತೆರಿಗೆ ಸೇರಿಸಿ ಕೈಗೆ ಎಷ್ಟು" ಅಂತ ಕೇಳಿ ಬರೆಸಿಕೊಳ್ಳಿ. ಒಟ್ಟು ಹಣದಲ್ಲಿ 40 ಸಾವಿರ ಯಾರಿಗೂ ಹೇಳದೆ ಎತ್ತಿಡಿ, ಮುಖ್ಯವಾಗಿ ಅಧ್ಯಕ್ಷರಿಗೆ. ಗೊತ್ತಾದರೆ ಅದು ಹಾರ ತುರಾಯಿಗೆ ಹೋಗುತ್ತೆ.

ಸುಮ್ನೆ ಓದುವವ

ಮಧ್ಯದಲ್ಲಿ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಕಂಪನಿ ಡೀಲರ್ ಮೀಟ್ ಗೋವಾ ರೆಸಾರ್ಟಲ್ಲಿ ಇಟ್ಟುಕೊಂಡಿದೆ. ಅಲ್ಲಿಯ ಜಿಎಸ್‌ಟಿ ವಾಪಸ್ ಸಿಗುತ್ತಾ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು

ನಿಮ್ಮ ನೋಂದಣಿ ಕರ್ನಾಟಕದಲ್ಲಿ ಮಾತ್ರ ಇದ್ದರೆ ಇಲ್ಲ. ರೂಮು, ಹಾಲ್ ಎಲ್ಲಿದೆಯೋ ಆ ರಾಜ್ಯದ ತೆರಿಗೆ ಬೀಳುತ್ತೆ. ಗೋವಾದ ಎಸ್‌ಜಿಎಸ್‌ಟಿಯನ್ನು ಇಲ್ಲಿ ಹೊಂದಿಸೋಕೆ ಬರಲ್ಲ. ಸಮುದ್ರ ಬೇಕೇ ಬೇಕಂದ್ರೆ ಕಾರವಾರ, ಮಲ್ಪೆ ಕಡೆನೂ ಒಂದ್ಸಲ ರೇಟು ಕೇಳಿ ನೋಡಿ.

ಒಗ್ಗರಣೆ

ಊಟದ ವಿಷಯ ನನಗೆ ಬಿಡಿ. ಧಾರವಾಡದಲ್ಲಿ ಕೇಟರಿಂಗ್ ನಮ್ಮದು.

ಜನ ಸಮ್ಮೇಳನದಲ್ಲಿ ಯಾರು ಏನು ಮಾತಾಡಿದರು ಅನ್ನೋದು ಮರೀತಾರ, ಊಟಕ್ಕೆ ಎಷ್ಟೊತ್ತು ನಿಂತೆ ಅನ್ನೋದು ಮರೆಯಲ್ಲ ರೀ. ಲೆಕ್ಕ ಹಾಕಿ. ಬಫೆ ಸಾಲಲ್ಲಿ ಒಬ್ಬರು ತಟ್ಟೆ ಹಿಡಿದು ಮುಂದಕ್ಕೆ ಸರಿಯೋಕೆ 20 ಸೆಕೆಂಡು ಅಂತಿಟ್ಟುಕೊಳ್ಳಿ. 250 ಜನಕ್ಕೆ ಒಂದೇ ಸಾಲು ಅಂದರೆ 5,000 ಸೆಕೆಂಡು, ಅಂದರೆ ಕೊನೆಯವರಿಗೆ ತಟ್ಟೆ ಸಿಗೋದು 83 ನಿಮಿಷದ ಮೇಲೆ. ಅದೇ ಟೇಬಲನ್ನು ಗೋಡೆಯಿಂದ ಈಚೆಗೆ ಎಳೆದು ಎರಡೂ ಕಡೆಯಿಂದ ಬಡಿಸಿಕೊಳ್ಳೋ ಹಂಗೆ ಮಾಡಿ, ಅಂಥವು ಎರಡು ಇಟ್ಟರೆ ನಾಲ್ಕು ಸಾಲು, 21 ನಿಮಿಷಕ್ಕೆ ಮುಗಿಯುತ್ತೆ. ದೊಡ್ಡ ಖರ್ಚೇನಿಲ್ಲ, ಬಡಿಸೋ ಹುಡುಗರು ನಾಲ್ಕು ಜನ ಜಾಸ್ತಿ ಬೇಕು ಅಷ್ಟೆ. ಕೈ ತೊಳೆಯೋ ಜಾಗ, ನೀರಿನ ಕ್ಯಾನು ಇವನ್ನು ಊಟದ ಟೇಬಲ್ಲಿಂದ ದೂರ ಇಡಿ. ಪಕ್ಕದಲ್ಲೇ ಇಟ್ಟರೆ ತಿಂದವರೂ ತಿನ್ನದವರೂ ಅಲ್ಲೇ ಗುಂಪು.

ಐಟಂ ಜಾಸ್ತಿ ಮಾಡಬೇಡಿ. ನಾಲ್ಕು ಸಿಹಿ ಇಟ್ಟರೆ ಜನ ನಿಂತು ಯೋಚನೆ ಮಾಡ್ತಾರ, ಸಾಲು ನಿಲ್ಲುತ್ತೆ. ರೊಟ್ಟಿ, ಎಣ್ಣೆಗಾಯಿ, ಒಂದು ಕಾಳು ಪಲ್ಯ, ಅನ್ನ ಸಾರು, ಮೊಸರು, ಒಂದು ಸಿಹಿ, ಸಾಕು. ಬಿಸಿ ರೊಟ್ಟಿ ಅಲ್ಲೇ ತಟ್ಟಿಸಬೇಕು ಅನ್ನೋ ಆಸೆ ಇದ್ದರೆ ಅದನ್ನು ಬೇರೆ ಕೌಂಟರಲ್ಲಿ ಇಡಿ, ಇಲ್ಲಾಂದ್ರೆ ರೊಟ್ಟಿ ಕಾಯೋರ ಹಿಂದೆ ಎಲ್ಲರೂ ಕಾಯಬೇಕು.

ತಲೆ ಲೆಕ್ಕ ಎರಡು ದಿನ ಮುಂಚೆ ಕೊಡಿ. ನೋಂದಣಿ ಪುಕ್ಕಟೆ ಆದರೆ ಹೆಸರು ಕೊಟ್ಟವರಲ್ಲಿ ಎಷ್ಟು ಜನ ಬರ್ತಾರೆ ಅಂತ ದೇವರಿಗೂ ಗೊತ್ತಿರಲ್ಲ. 300 ರೂಪಾಯಿ ಆದರೂ ಇಡಿ. ದುಡ್ಡು ಕೊಟ್ಟವ ಬರ್ತಾನ.

ಮೈಕ್ ಟೆಸ್ಟಿಂಗ್ 123

ಎಲ್ಲರೂ ಹಾಲ್, ಊಟ, ಹಾರ ಅಂತ ಖರ್ಚು ಮಾಡಿ ಕೊನೆಗೆ ಸೌಂಡ್‌ನವನ ಹತ್ರ ಬಂದು ಚೌಕಾಸಿ ಮಾಡ್ತಾರೆ. ಸಮ್ಮೇಳನ ಅಂದರೆ ಮಾತು ಕೇಳೋ ಕಾರ್ಯಕ್ರಮ ಅಲ್ವಾ? ಮಾತು ಕೇಳದಿದ್ದರೆ ಅದೊಂದು ಊಟದ ಕಾರ್ಯಕ್ರಮ.

ಕಾರ್ಡ್‌ಲೆಸ್ ಮೈಕ್ ನಾಲ್ಕು ಬೇಕು. ಸ್ಟೇಜಿಗೆ ಎರಡು, ಪ್ರಶ್ನೆ ಕೇಳೋರಿಗೆ ಎರಡು. ಪ್ರಶ್ನೆಯ ಮೈಕ್ ಹಿಡಿದು ಓಡೋ ಹುಡುಗನಿಗೆ ಒಂದು ಮಾತು ಹೇಳಿಕೊಡಿ: ಮೈಕನ್ನು ಕೈಗೆ ಕೊಡಬೇಡ, ನೀನೇ ಹಿಡಿದು ನಿಲ್ಲು. ಕೈಗೆ ಕೊಟ್ಟರೆ ಪ್ರಶ್ನೆ ಹೋಗಿ ಅಧ್ಯಕ್ಷೀಯ ಭಾಷಣ ಆಗುತ್ತೆ.

ಇನ್ನೊಂದು, ಇದನ್ನು ಯಾರೂ ಹೇಳಲ್ಲ. ಕನ್ನಡದಲ್ಲಿ ಪಿಪಿಟಿ ತರುವವರು ನುಡಿ ಫಾಂಟಲ್ಲಿ ಮಾಡಿಕೊಂಡು ಬಂದಿರ್ತಾರೆ. ಹಾಲಿನ ಲ್ಯಾಪ್‌ಟಾಪಲ್ಲಿ ಆ ಫಾಂಟ್ ಇರಲ್ಲ. ಪರದೆ ತುಂಬಾ ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಪ್ರಶ್ನಾರ್ಥಕ ಚಿಹ್ನೆ. ಒಬ್ಬ ನಿವೃತ್ತ ಪ್ರೊಫೆಸರ್ ಪಾಪ 40 ಸ್ಲೈಡ್ ಹಾಗೇ ಬಾಯಲ್ಲಿ ಓದಿ ಹೇಳಿದ್ದನ್ನು ನೋಡಿದ್ದೀನಿ. ಹಿಂದಿನ ದಿನವೇ ಎಲ್ಲರ ಫೈಲ್ ತರಿಸಿಕೊಳ್ಳಿ, ಪಿಡಿಎಫ್ ಮಾಡಿಸಿ, ಒಂದೇ ಲ್ಯಾಪ್‌ಟಾಪಿಗೆ ಹಾಕಿ. ಸ್ಟೇಜ್ ಮೇಲೆ ಲ್ಯಾಪ್‌ಟಾಪ್ ಬದಲಿಸೋದೇ ಬೇಡ.

ಊಟದ ಹೊತ್ತಲ್ಲಿ ಸಿನಿಮಾ ಹಾಡು ಹಾಕಿ ಅಂತ ಯಾರಾದರೂ ಬರ್ತಾರೆ. ಮದುವೆಗೆ ಕಾಪಿರೈಟ್ ಕಾಯ್ದೆಯಲ್ಲಿ ವಿನಾಯಿತಿ ಇದೆ, ವ್ಯಾಪಾರದ ಕಾರ್ಯಕ್ರಮಕ್ಕೆ ಇಲ್ಲ. ಲೈಸೆನ್ಸ್ ತಗೊಳ್ಳಿ, ಇಲ್ಲಾ ಸುಮ್ಮನಿರಿ. ನನ್ನ ಕೇಳಿದರೆ ಸುಮ್ಮನಿರೋದೇ ಒಳ್ಳೇದು, ಜನ ಮಾತಾಡಿಕೊಳ್ಳಲಿ.

ಉಪ್ಪಿನಕಾಯಿ ಅಕ್ಕ

ಕುಂದಾಪುರದಲ್ಲಿ ಉಪ್ಪಿನಕಾಯಿ, ಹಪ್ಪಳ ಘಟಕ ನನ್ನದು. ನಾನು ಕಾರ್ಯಕ್ರಮ ಮಾಡಿಸಿದವಳಲ್ಲ, ಹೋಗಿ ಹೋಗಿ ಸುಸ್ತಾದವಳು. ಹಾಗಾಗಿ ಕುರ್ಚಿಯಲ್ಲಿ ಕೂತವರ ಕಡೆಯಿಂದ ಹೇಳ್ತೇನೆ.

ಹೋದ ವರ್ಷ ಒಂದು ಊರಿನ ಉದ್ಯಮಿಗಳ ಸಮಾವೇಶಕ್ಕೆ ಬೆಳಿಗ್ಗೆ 5ರ ಬಸ್ಸಿಗೆ ಹೊರಟು ಹೋದೆ. ಹೆಂಗಸರ ಟಾಯ್ಲೆಟ್‌ಗೆ ಬೀಗ. ಕೀ ವಾಚ್‌ಮನ್ ಹತ್ರ, ವಾಚ್‌ಮನ್ ಪಾರ್ಕಿಂಗ್‌ನಲ್ಲಿ ಸಚಿವರ ಕಾರಿಗೆ ಜಾಗ ಹಿಡಿದು ನಿಂತಿದ್ದ. ನಾವು ಆರು ಜನ ಹೆಂಗಸರು ಸರದಿಯಲ್ಲಿ ಅವನನ್ನು ಹುಡುಕಿಕೊಂಡು ಹೋದೆವು. ಸ್ಟೇಜ್ ಮೇಲೆ 14 ಕುರ್ಚಿ, ಒಬ್ಬಳೂ ಹೆಂಗಸಿಲ್ಲ, ದೀಪಕ್ಕೆ ಬತ್ತಿ ಎಣ್ಣೆ ಹಾಕೋಕೆ ಮಾತ್ರ ನಮ್ಮನ್ನು ಕರೆದರು.

ಮತ್ತೆ ನೋಂದಣಿ ಟೇಬಲ್. ಅ ಇಂದ ಕ, ಖ ಇಂದ ಮ ಅಂತ ಅಕ್ಷರದ ಮೇಲೆ ಸಾಲು ಮಾಡ್ತಾರೆ. ನಮ್ಮಲ್ಲಿ ಅದು ನಡೆಯುವುದಿಲ್ಲ ಮಾರಾಯ್ರೆ. ಒಬ್ಬರ ಹೆಸರು ಇನಿಶಿಯಲ್‌ನಲ್ಲಿ ಬರೆದಿರುತ್ತಾರೆ, ಒಬ್ಬರದ್ದು ಮನೆತನದ ಹೆಸರಲ್ಲಿ, ಇನ್ನೊಬ್ಬರದ್ದು ಅಂಗಡಿ ಹೆಸರಲ್ಲಿ. ಮೂರೂ ಸಾಲಲ್ಲಿ ನಿಂತು ಬಂದವರಿದ್ದಾರೆ. ಊರಿನ ಮೇಲೆ ಸಾಲು ಮಾಡಿ. ಹುಬ್ಬಳ್ಳಿ ಒಂದು, ಧಾರವಾಡ ಒಂದು, ಗದಗ ಹಾವೇರಿ ಒಂದು, ಉಳಿದವರೆಲ್ಲ ಒಂದು. ತನ್ನ ಊರು ಯಾವುದು ಅಂತ ಯಾರಿಗೂ ಗೊಂದಲ ಇರುವುದಿಲ್ಲ. ಅದೇ ಸಾಲಲ್ಲಿ ನಿಂತ ಊರಿನವರ ಪರಿಚಯವೂ ಆಗುತ್ತದೆ.

ಬ್ಯಾಡ್ಜಲ್ಲಿ ಸಂಘದ ಲೋಗೋ ಸಣ್ಣದು ಮಾಡಿ. ಹೆಸರು, ಅದರ ಕೆಳಗೆ "ಏನು ಮಾಡ್ತೇನೆ" ಅನ್ನೋದು ನಾಲ್ಕಡಿ ದೂರದಿಂದ ಓದುವ ಹಾಗೆ ದಪ್ಪಕ್ಕೆ ಇರಲಿ. ನಾನು ಹೋಗುವುದು ಭಾಷಣ ಕೇಳಲಿಕ್ಕಲ್ಲ. ಬಾಟಲಿ ಕೊಡುವವರು, ಲೇಬಲ್ ಹಾಕುವವರು, ಸರಕು ತೆಗೆದುಕೊಳ್ಳುವವರು ಸಿಗ್ತಾರಾ ಅಂತ ಹೋಗುವುದು.

ಪೆಂಡಾಲ್ ಮಾಮ

ಅಕ್ಕ ಹೇಳಿದ ಕೊನೆ ಮಾತನ್ನು ಬರೆದು ಗೋಡೆಗೆ ಅಂಟಿಸಿ ಲೇತಣ್ಣ. ಮಿಕ್ಕಿದ್ದೆಲ್ಲ ಅದರ ಸುತ್ತ ಕಟ್ಟಬೇಕು. ಟೀ ಬ್ರೇಕ್ 15 ನಿಮಿಷ ಅಂತ ಹಾಕ್ತಾರಲ್ಲ, 40 ನಿಮಿಷ ಹಾಕಿ. ಒಂದು ಭಾಷಣ ಕಿತ್ತು ಹಾಕಿದರೆ ಆ ಹೊತ್ತು ಸಿಗುತ್ತೆ.

ತಾರಿಹಾಳ ಲೇತ್

ಎಲ್ಲ ಬರೆದುಕೊಳ್ತಿದ್ದೀನಿ. ಸಚಿವರ ವಿಷಯ ಏನು ಮಾಡಲಿ? ಅಧ್ಯಕ್ಷರು ಬಿಡ್ತಿಲ್ಲ. ಸ್ಪಾನ್ಸರ್‌ಗಳೂ "ಯಾರು ಬರ್ತಾರೆ" ಅಂತಾನೇ ಕೇಳ್ತಾರೆ.

ಮೈಕ್ ಟೆಸ್ಟಿಂಗ್ 123

ಕರೀಬೇಡಿ. 10ರ ಕಾರ್ಯಕ್ರಮ 12.30ಕ್ಕೆ ಶುರುವಾಗುತ್ತೆ. ನಾನು ಎಷ್ಟು ನೋಡಿಲ್ಲ.

ಒಗ್ಗರಣೆ

ಕರೀರಿ ಅಣ್ಣ. ಇವರು ಬೆಂಗಳೂರಲ್ಲಿ ಕೂತು ಹೇಳ್ತಾರ. ಇಂಡಸ್ಟ್ರಿಯಲ್ ಏರಿಯಾದ ರಸ್ತೆ, ಚರಂಡಿ ವಿಷಯ ಯಾರ ಮುಂದೆ ಹೇಳೋದು ಮತ್ತ? ವರ್ಷಕ್ಕೊಂದು ಸಲ ಸಿಗೋ ಅವಕಾಶ ಅದು.

ಮೈಕ್ ಟೆಸ್ಟಿಂಗ್ 123

ನಾನು ಬೆಂಗಳೂರಲ್ಲಿಲ್ಲ, ದಾವಣಗೆರೆ. ರಸ್ತೆ ಬಗ್ಗೆ ಹೇಳೋದಾದರೆ ನಾಲ್ಕು ಜನ ಮನವಿ ಹಿಡಿದು ಅವರ ಆಫೀಸಿಗೆ ಹೋಗಿ. 250 ಜನರನ್ನು ಸಾಕ್ಷಿಗೆ ಕೂರಿಸಬೇಕಾ?

ಪೆಂಡಾಲ್ ಮಾಮ

ಜಗಳ ಬೇಡ, ಎರಡೂ ಸರಿ. ನಾನು ಮಾಡೋ ಉಪಾಯ ಇದು. ಉದ್ಘಾಟನೆಯನ್ನು ಬೆಳಿಗ್ಗೆ ಮೊದಲು ಇಡಬೇಡಿ. 9.45ಕ್ಕೆ ಸರಿಯಾಗಿ ಒಂದು ಕೆಲಸದ ಸೆಷನ್ ಶುರು ಮಾಡಿ, ಎಲ್ಲಕ್ಕಿಂತ ಜನ ಕಾಯ್ತಿರೋ ವಿಷಯ ಅದೇ ಆಗಿರಲಿ. ಉದ್ಘಾಟನೆ 11.30ಕ್ಕೆ. ಸಚಿವರು 11.30ಕ್ಕೆ ಬಂದರೆ ಸಂತೋಷ. 12ಕ್ಕೆ ಬಂದರೆ ಟೀ ಬ್ರೇಕ್ ಉದ್ದ ಆಯಿತು, ಜನರಿಗೂ ಅದೇ ಬೇಕು. ಬರಲೇ ಇಲ್ಲ ಅಂದರೆ ಅಧ್ಯಕ್ಷರೇ ದೀಪ ಹಚ್ಚಲಿ. ಯಾರ ಸಮಯವೂ ಹಾಳಾಗಲ್ಲ.

ಬೆಂಗಳೂರಿಂದ ಬರೋ ಭಾಷಣಕಾರರಿಗೂ ಇದು ಅನುಕೂಲ. 5.45ಕ್ಕೆ ಬಿಡೋ ಧಾರವಾಡದ ವಂದೇ ಭಾರತ್ ಹುಬ್ಬಳ್ಳಿ ಮುಟ್ಟೋದು ಹೆಚ್ಚುಕಡಿಮೆ 11ಕ್ಕೆ. ಅದರಲ್ಲೇ ಬರೋರ ಹೆಸರನ್ನು 10 ಗಂಟೆಗೆ ಹಾಕಿ ಕಾರ್ಡ್ ಅಚ್ಚು ಹಾಕಿಸಿದವರಿದ್ದಾರೆ.

ಮತ್ತೆ ಸ್ಟೇಜಿನ ಶಾಸ್ತ್ರ. ನಾಡಗೀತೆ ಎಷ್ಟು ಹೊತ್ತು ಅಂತ ಸರ್ಕಾರ 2022ರಲ್ಲಿ ಆದೇಶ ಮಾಡಿದೆ, 2 ನಿಮಿಷ 30 ಸೆಕೆಂಡು. ವಂದನಾರ್ಪಣೆಗೂ ಹಾಗೊಂದು ಆದೇಶ ಬರಬೇಕಿತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಒಬ್ಬರಿಗೆ ಮೂರು ನಿಮಿಷ ಹಿಡಿದರೆ ಹತ್ತು ಜನಕ್ಕೆ ಅರ್ಧ ಗಂಟೆ. ಮುಖ್ಯ ಅತಿಥಿ ಒಬ್ಬರಿಗೆ ಸ್ಟೇಜ್ ಮೇಲೆ, ಮಿಕ್ಕವರಿಗೆ ಊಟದ ಹೊತ್ತಲ್ಲಿ ಕೂತ ಜಾಗದಲ್ಲೇ ಕೊಡಿ. ಬ್ಯಾಕ್‌ಡ್ರಾಪ್ ಬಟ್ಟೆಯದ್ದೇ ಮಾಡಿಸಿ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಇದೆ, ಸಚಿವರ ಹಿಂದೆಯೇ ಅದನ್ನು ಕಟ್ಟಿ ಪೇಪರ್‌ನವರಿಗೆ ಸುದ್ದಿ ಕೊಡಬೇಡಿ.

ಲೆಕ್ಕದ ಮೇಷ್ಟ್ರು

ಬೆಳಗಿನ ಸೆಷನ್‌ಗೆ ವಿಷಯ ನಾನು ಕೊಡ್ತೀನಿ. "ಬಿಲ್ ದುಡ್ಡು 45 ದಿನದಲ್ಲಿ ಬರದಿದ್ದರೆ ಏನು ಮಾಡಬೇಕು?" ಸಣ್ಣ ಕೈಗಾರಿಕೆಯವರಿಗಾಗಿಯೇ ಇರೋ ಎಂಎಸ್‌ಎಂಇ ಕಾಯ್ದೆ 2006ರದ್ದು. ಒಪ್ಪಂದ ಏನೇ ಇರಲಿ, 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕ್ ಹೇಳೋ "ಬ್ಯಾಂಕ್ ದರ"ದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿ. ಇದನ್ನು ಕೇಳೋಕೆ ಜನ 9.30ಕ್ಕೇ ಬಂದು ಮುಂದಿನ ಸಾಲಲ್ಲಿ ಕೂರದಿದ್ದರೆ ನನ್ನ ಹೆಸರು ಬದಲಿಸಿ.

ಮಧ್ಯಾಹ್ನ ಭಾಷಣ ಇಡಲೇಬೇಡಿ, ರೊಟ್ಟಿ ತಿಂದ ಮೇಲೆ ಯಾರು ಎದ್ದಿರ್ತಾರೆ? ದೊಡ್ಡ ಕಂಪನಿಗಳ ಖರೀದಿ ವಿಭಾಗದವರನ್ನು ಆರು ಜನ ಕರೆಸಿ, ಆರು ಟೇಬಲ್ ಹಾಕಿ. ಒಬ್ಬರಿಗೆ 10 ನಿಮಿಷ. 2.30ರಿಂದ 4.30ರ ತನಕ 72 ಭೇಟಿ ಆಗುತ್ತೆ. ಯಾರಿಗೆ ಯಾವ ಹೊತ್ತು ಅನ್ನೋದನ್ನು ಹಿಂದಿನ ದಿನವೇ ವಾಟ್ಸಾಪ್ ಮಾಡಿ. ನಿಮ್ಮವರು ಕ್ಯಾಟಲಾಗ್ ತರೋದು ಬೇಡ, ಮಾಡಿದ ಪೀಸ್ ಒಂದನ್ನು ಚೀಲದಲ್ಲಿ ಹಾಕಿಕೊಂಡು ಬರಲಿ.

ಸ್ಪಾನ್ಸರ್‌ಗಳಿಗೆ ಸ್ಟೇಜ್ ಮೇಲೆ ಮೂರು ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ. ಅದರ ಬದಲು ಊಟಕ್ಕೆ ಹೋಗೋ ದಾರಿಯಲ್ಲಿ ಸ್ಟಾಲ್ ಕೊಡಿ. ಏನು ಕೊಡ್ತೀವಿ, ಅವರು ಎಷ್ಟು ಕೊಡ್ತಾರೆ, ಯಾವಾಗ ಕೊಡ್ತಾರೆ, ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ.

ತಾರಿಹಾಳ ಲೇತ್

ನಾಲ್ಕು ತಿಂಗಳ ಮೇಲೆ ವಾಪಸ್ ಬಂದೆ. ಜನವರಿ ಮೊದಲ ವಾರದಲ್ಲಿ ಮುಗಿಸಿದೆವು! ಬಂದವರು 231. ಆದದ್ದನ್ನು ಆದ ಹಾಗೇ ಹೇಳಿಬಿಡ್ತೀನಿ.

9.45ಕ್ಕೆ ಶುರು ಮಾಡಿದಾಗ ಹಾಲಲ್ಲಿ ಇದ್ದದ್ದು 60 ಜನ. ಎದೆ ಧಸಕ್ ಅಂತು. ಆದರೂ ಮಾಮನ ಮಾತು ನೆನಪಿಟ್ಟುಕೊಂಡು ಕಾಯಲಿಲ್ಲ. 10.15ಕ್ಕೆ ಬಂದವರು ಬಾಗಿಲಲ್ಲಿ ನಿಂತು "ಶುರುನೇ ಆಗಿಬಿಟ್ಟಿದೆಯಲ್ಲ" ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. 45 ದಿನದ ಸೆಷನ್ ಮುಗಿದರೂ ಜನ ಎದ್ದೇಳಲಿಲ್ಲ, ಬಿಲ್ಲಿನ ಜೆರಾಕ್ಸ್ ಹಿಡಿದುಕೊಂಡು ಬಂದು ಕೇಳಿದವರಿದ್ದರು. ಸಚಿವರು ಬಂದದ್ದು 12.20ಕ್ಕೆ. ಅಷ್ಟೊತ್ತು ಜನ ಟೀ ಹಿಡಿದು ಹರಟಿದರು, ಒಬ್ಬರೂ ಗೊಣಗಲಿಲ್ಲ. ಟೀ ಮಾತ್ರ ಖಾಲಿಯಾಯಿತು, ಇನ್ನೊಂದು ಸಲ ಮಾಡಿಸಿದೆವು, ಎತ್ತಿಟ್ಟಿದ್ದ 40 ಸಾವಿರದಲ್ಲಿ ಮೊದಲ ಖರ್ಚು ಅದೇ. ಊಟ 25 ನಿಮಿಷಕ್ಕೆ ಮುಗೀತು. ಒಗ್ಗರಣೆ ಅಣ್ಣ, ನಿಮ್ಮ ಎರಡು ಕಡೆಯ ಟೇಬಲ್ ನೋಡಿ ಅಡುಗೆಯವರೇ ಫೋಟೋ ತಗೊಂಡರು.

ತಪ್ಪಾದದ್ದು ಸ್ಟಾಲಿನ ಕರೆಂಟಲ್ಲಿ. ಒಬ್ಬರು ಪ್ಯಾಕಿಂಗ್ ಮಷೀನ್ ತಂದಿದ್ದರು, ಅದರ ಹೀಟರ್ ಎಷ್ಟು ಎಳೆಯುತ್ತೆ ಅಂತ ನಾನು ಕೇಳಿರಲಿಲ್ಲ. ಆನ್ ಮಾಡಿದ ತಕ್ಷಣ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗೋ ಸ್ವಿಚ್) ಟ್ರಿಪ್ ಆಗಿ ಪ್ರೊಜೆಕ್ಟರೂ ಹೋಯಿತು. ಎರಡು ಸಲ. ಲೇತ್ ನಡೆಸೋನು ನಾನು, ನನಗೇ ತೋಚಲಿಲ್ಲ, ನಾಚಿಕೆಯಾಯಿತು. ಸ್ಟಾಲ್ ಫಾರಂನಲ್ಲೇ "ಯಾವ ಮಷೀನು, ಎಷ್ಟು ವ್ಯಾಟ್" ಅಂತ ಒಂದು ಕಾಲಂ ಇಡಿ ಅಂತ ಮುಂದೆ ಮಾಡೋರಿಗೆ ಹೇಳ್ತೀನಿ. ಖರೀದಿಯವರು ಆರರಲ್ಲಿ ನಾಲ್ಕೇ ಜನ ಬಂದರು, ಭೇಟಿ ಆಗಿದ್ದು 41. ಅದರಲ್ಲಿ ಗದಗದ ಒಬ್ಬರು ಚೀಲದಿಂದ ಹಿತ್ತಾಳೆ ಬುಶ್ ತೆಗೆದು ಟೇಬಲ್ ಮೇಲಿಟ್ಟರು, ಎದುರಿನವರು ಮಾತಾಡದೆ ಜೇಬಿಂದ ವರ್ನಿಯರ್ ತೆಗೆದು ಅಳೆದರು. ಅವರಿಗೆ ಟ್ರಯಲ್ ಆರ್ಡರ್ 200 ಪೀಸ್ ಸಿಕ್ಕಿದೆ.

ಉಪ್ಪಿನಕಾಯಿ ಅಕ್ಕ

ಟಾಯ್ಲೆಟ್ ಕೀ?

ತಾರಿಹಾಳ ಲೇತ್

ಬೀಗವನ್ನೇ ತೆಗೆಸಿ ನನ್ನ ಜೇಬಲ್ಲಿ ಇಟ್ಟುಕೊಂಡಿದ್ದೆ ಅಕ್ಕ. ಸ್ಟೇಜ್ ಮೇಲೆ ಕುರ್ಚಿ ಏಳು, ಅದರಲ್ಲಿ ಮೂವರು ಮಹಿಳೆಯರು, ಮೂವರೂ ಘಟಕ ನಡೆಸೋರು.

ಒಂದೇ ಒಂದು ತಲೆನೋವು ಉಳಿದಿದೆ. 45 ದಿನದ ಆ ಸೆಷನ್‌ಗೆ ಸ್ಪಾನ್ಸರ್ ಆಗಿದ್ದವರ ಬಾಕಿ 50 ಸಾವಿರ ಇನ್ನೂ ಬಂದಿಲ್ಲ. ಇವತ್ತಿಗೆ 52 ದಿನ!

ಲೆಕ್ಕದ ಮೇಷ್ಟ್ರು

ಬಿಲ್ ಯಾವತ್ತು ಕಳಿಸಿದಿರಿ?

ತಾರಿಹಾಳ ಲೇತ್

ಬಿಲ್ಲಾ? ಸಹಿ ಹಾಕಿದ ಹಾಳೆ ಇತ್ತಲ್ಲ ಅಂತ… ತಡೀರಿ, ಈಗಲೇ ಕಳಿಸಿ ಬರ್ತೀನಿ.